ಬಾಲಂಗೋಚಿಯ ಬೆಲ್

ಅವಳು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಕಡ್ಡಿ ರಿಮ್ಮಿಗೆ ಸೇರುವ ಸಂದಿಯವರೆಗೂ ಒತ್ತಿ ಎಳೆದು, ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಮತ್ತೆ ಸುತ್ತಿಕೊಳ್ಳುವುದು. ನೀರು ಆಗಲೇ ಕೆಂಪಗಾಗಿತ್ತು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಭಾವ ಒಂದು ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದ. ಅಕ್ಕ ಹೆಲ್ಮೆಟ್ಟುಗಳ ಪಟ್ಟಿ ಸರಿಮಾಡಿ ಗೂಟಕ್ಕೆ ತಗುಲಿಹಾಕುತ್ತಿದ್ದಳು.

ಆ ಸೈಕಲ್ಲು ದರ್ಜಿ ತಾತನದು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ತಾತನ ಹೆಂಡತಿಯೇ ಅದನ್ನು ತಳ್ಳಿಕೊಂಡು ಬಂದು ಗೋಡೆಗೆ ಒರಗಿಸಿದ್ದರು. ಇನ್ನು ಅವರು ಇದನ್ನು ಹತ್ತುವುದಿಲ್ಲ, ಚೊಕ್ಕಟ ಮಾಡಿ ಬೇಕಾದವರಿಗೆ ಕೊಟ್ಟುಬಿಡಿ ಎಂದಷ್ಟೇ ಹೇಳಿ, ಅಕ್ಕ ಕುರ್ಚಿ ಎಳೆಯುವಷ್ಟರಲ್ಲಿ ಹೊರಟೇಹೋಗಿದ್ದರು.

ಚಕ್ರ ಹೊಳೆಯತೊಡಗಿದಾಗ ಭಾವ ಎದ್ದುಬಂದು ಬಕೆಟ್ಟಿನೊಳಗೆ ಇಣುಕಿದ. ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಬಕೆಟ್ಟು ಎತ್ತಿಕೊಂಡು ಹೋಗಿ ನೀರನ್ನು ಮೋರಿಗೆ ಸುರಿದು, ಮೋರಿಯ ಬಾಯಲ್ಲಿ ನಿಂತ ಕೆಂಪನ್ನೂ ಕಾಲಿನಿಂದ ತಳ್ಳಿ ಬಂದ. ಅವಳ ಕಿವಿ ಬಿಸಿಯಾಯಿತು. ಭಾವನಿಗೂ ಗೊತ್ತಿದೆ ಎಂದುಕೊಂಡಳು.

ಗೊತ್ತಾಗದೆ ಏನು, ಆ ದಾರಿಯಲ್ಲಿ ಓಡಾಡಿದ ಯಾರಿಗಾದರೂ ಗೊತ್ತಾಗುವಂಥದ್ದೇ. ನದಿಯ ದಂಡೆಗುಂಟ ಹಿಂದೆ ಸರಕಿನ ರೈಲು ಓಡುತ್ತಿದ್ದ ಏರಿ ಅದು. ಹಳಿ ಕಿತ್ತ ಮೇಲೆ ಎರಡೂ ತುದಿಗೆ ಕಲ್ಲುಕಂಬ ನೆಟ್ಟು ಮೋಟಾರು ಗಾಡಿ ನುಗ್ಗದಂತೆ ಮಾಡಿದ್ದರು. ಎಡಕ್ಕೆ ನದಿ, ಬಲಕ್ಕೆ ಕಣ್ಣು ಹಾಯುವವರೆಗೂ ದ್ರಾಕ್ಷಿ ಸಾಲು. ಹಾರ್ನಿಲ್ಲ, ಹೊಗೆಯಿಲ್ಲ, ಸೈಕಲ್ಲಿನ ಚೈನು ಸರಿಯುವ ಸದ್ದು ಬಿಟ್ಟರೆ ಹಕ್ಕಿಯದು. ಅರ್ಧ ದಾರಿಯಲ್ಲಿ ಒಂದು ಕಾಲುವೆ ಬಂದು ನದಿಗೆ ಸೇರುತ್ತದೆ. ಅದರ ಮೇಲೆ ಇಕ್ಕಟ್ಟಾದ ಮರದ ಸೇತುವೆ. ಸೇತುವೆಯ ಈಚೆಗೆ ಕೆಮ್ಮಣ್ಣು. ಆಚೆಗೆ ಬರೀ ಬಿಳಿ ಜಲ್ಲಿ. ಅದರ ದೂಳು ಹಿಟ್ಟು ಜರಡಿ ಹಿಡಿದಂತೆ ಮೇಲೆದ್ದು ಕಡ್ಡಿ, ಚೈನು, ಕಾಲಿನ ರೋಮಕ್ಕೂ ಮೆತ್ತಿಕೊಳ್ಳುತ್ತದೆ. ಸೇತುವೆ ದಾಟಿ ಬಂದ ಸೈಕಲ್ಲನ್ನು ತೊಳೆದರೆ ನೀರು ಹಾಲಿನಂತಾಗಬೇಕು. ತಾತನ ಸೈಕಲ್ಲಿನ ಮೇಲೆ ಒಂದು ಚಿಟಿಕೆ ಬಿಳುಪೂ ಇರಲಿಲ್ಲ.

ಪ್ರತಿ ಭಾನುವಾರ ಆ ದಾರಿಯಲ್ಲಿ ಜನರನ್ನು ಕರೆದುಕೊಂಡು ಹೋಗಿಬರುವುದೇ ಅಂಗಡಿಯ ದೊಡ್ಡ ಕೆಲಸ. ಅಕ್ಕ ಮುಂದೆ. ಭಾವ ಊಟದ ಡಬ್ಬಿಗಳನ್ನೂ ಬಿಡಿಭಾಗಗಳನ್ನೂ ಮೂರು ಚಕ್ರದ ಗಾಡಿಯಲ್ಲಿ ಹೇರಿಕೊಂಡು ನಡುವೆ. ಎಲ್ಲರಿಗಿಂತ ಹಿಂದೆ ಇವಳು. ಚಿಕ್ಕಂದಿನಲ್ಲಿ ಅಕ್ಕನ ಲಂಗದ ಚುಂಗು ಬಿಡುತ್ತಿರಲಿಲ್ಲವೆಂದು ಅಮ್ಮ ಇವಳಿಗೆ ಬಾಲಂಗೋಚಿ ಎಂದು ಹೆಸರಿಟ್ಟಿದ್ದಳು. ಆ ಹೆಸರು ಶಾಲೆಗೂ ಬಂತು, ಅಂಗಡಿಗೂ ಬಂತು. ಶಾಲೆ ಹೆಚ್ಚು ದಿನ ಉಳಿಯಲಿಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಇವಳು ಬೆಂಚಿನ ಅಂಚು ಹಿಡಿದು ನಿಂತುಬಿಡುತ್ತಿದ್ದಳು. ಗೊತ್ತಿದ್ದ ಉತ್ತರವೂ ಹೊರಗೆ ಬರುತ್ತಿರಲಿಲ್ಲ. ಒಂದು ದಿನ ಚೀಲ ಗೂಟಕ್ಕೆ ಹಾಕಿದವಳು ಮತ್ತೆ ಇಳಿಸಲಿಲ್ಲ. ಹಿಂದಿನಿಂದ ನೋಡುತ್ತಾ ಹೋಗುವ ಕೆಲಸ ಇವಳಿಗೆ ಹೇಳಿಮಾಡಿಸಿದಂತಿತ್ತು. ಯಾರ ಚಕ್ರ ಅಲುಗುತ್ತಿದೆ, ಯಾರು ಹೆಂಡತಿಯೊಡನೆ ಮುನಿಸಿಕೊಂಡು ಬಂದಿದ್ದಾರೆ, ಯಾರಿಗೆ ಸುಸ್ತಾಗಿದೆ ಆದರೆ ಹೇಳುತ್ತಿಲ್ಲ, ಎಲ್ಲಾ ಬೆನ್ನು ನೋಡಿಯೇ ತಿಳಿಯುತ್ತಿತ್ತು. ಮಾತಾಡಬೇಕಾಗಿರಲಿಲ್ಲ. ಬೆಲ್ ಹೊಡೆದರೆ ಸಾಕು.

ಆ ಬೆಲ್ಲಿಗೆ ಒಂದು ಕಟ್ಟಳೆಯಿತ್ತು. ಸೇತುವೆಯ ಹತ್ತಿರ ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡು ದಾಟಬೇಕು. ಅಕ್ಕ ಆಚೆ ದಡದಲ್ಲಿ ಕಾಯುತ್ತಾಳೆ. ಕೊನೆಯವರು ದಾಟಿದ ಮೇಲೆ ಬಾಲಂಗೋಚಿ ದಾಟಿ ಎರಡು ಸಲ ಬೆಲ್ ಹೊಡೆಯುತ್ತಾಳೆ. ಬೆಲ್ ಬಿತ್ತು ಎಂದರೆ ಹಿಂದೆ ಯಾರೂ ಇಲ್ಲ. ಅಕ್ಕ ತಿರುಗಿ ನೋಡುವುದಿಲ್ಲ, ತಲೆ ಎಣಿಸುವುದಿಲ್ಲ, ಹೊರಟುಬಿಡುತ್ತಾಳೆ. ಹೊಸಬರು ಬಂದಾಗ ಅಕ್ಕ ಹೆಮ್ಮೆಯಿಂದ ಹೇಳುತ್ತಿದ್ದ ಮಾತೂ ಅದೇ. ನಮ್ಮ ಬಾಲಂಗೋಚಿ ಬಾಯಿ ಬಿಡೋಲ್ಲ, ಆದರೆ ಅವಳ ಬೆಲ್ ಸುಳ್ಳು ಹೇಳೋಲ್ಲ.

ದರ್ಜಿ ತಾತ ಯಾವಾಗಲೂ ಹಿಂದೆಯೇ ಉಳಿಯುತ್ತಿದ್ದರು. ಅವರ ಹೆಂಡತಿ, ಎಲ್ಲರಿಗೂ ಅಜ್ಜಿ, ಅಕ್ಕನ ಹಿಂದಿನ ಚಕ್ರಕ್ಕೆ ಮುಂದಿನ ಚಕ್ರ ತಾಗಿಸಿಕೊಂಡಂತೆ ಹೋಗುವವರು. ಮದುವೆ ದಿನದಿಂದ ಇವಳು ಮುಂದೆ ನಾನು ಹಿಂದೆ, ಈಗೇನು ಹೊಸದು ಎಂದು ತಾತ ನಗುತ್ತಿದ್ದರು. ಬಾಲಂಗೋಚಿಯ ಸೈಕಲ್ಲಿನ ಹಿಂದೆ ಕೋಲಿಗೆ ಕಟ್ಟಿದ ಕಿತ್ತಳೆ ಬಣ್ಣದ ಪಟ್ಟಿಯನ್ನು ಹೊಲಿದುಕೊಟ್ಟವರೂ ಅವರೇ. ಅಂಚು ಮಡಿಸಿ ಎರಡೆರಡು ಹೊಲಿಗೆ ಹಾಕಿ, ಬಾಲಕ್ಕೊಂದು ಬಾಲ ಎಂದು ಕೊಟ್ಟಿದ್ದರು. ಬಾಲಂಗೋಚಿ ಇಲ್ಲದ ಗಾಳಿಪಟ ಗಿರಕಿ ಹೊಡೆದು ಬೀಳುತ್ತೆ, ಅದನ್ನು ಬೈಗುಳ ಅಂದ್ಕೋಬೇಡ ಎಂದಿದ್ದರು. ದಾರಿಯುದ್ದಕ್ಕೂ ಅವರು ಮಾತಾಡುತ್ತಿದ್ದರು, ಇವಳು ಹೂಂಗುಟ್ಟುತ್ತಿದ್ದಳು. ಕೆಲವು ಸಲ ಹೂಂ ಎನ್ನುವ ಬದಲು ಒಂದು ಸಲ ಬೆಲ್ ಹೊಡೆಯುತ್ತಿದ್ದಳು. ತಾತನಿಗೆ ಅದು ಬಹಳ ಹಿಡಿಸುತ್ತಿತ್ತು.

ತಾತನಿಗೆ ವಯಸ್ಸಿನ ಒಂದು ತೊಂದರೆಯಿತ್ತು. ಬಹಳ ಹೊತ್ತು ತಡೆದುಕೊಳ್ಳಲಾಗುತ್ತಿರಲಿಲ್ಲ. ಅದಕ್ಕೂ ಅವರು ಒಂದು ಮಾತು ಮಾಡಿಕೊಂಡಿದ್ದರು. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ದ್ರಾಕ್ಷಿ ವಿಚಾರಿಸಿಕೊಂಡು ಬರ್ತೀನಿ ಎಂದು ಸಾಲುಗಳ ನಡುವೆ ಮರೆಯಾಗುತ್ತಿದ್ದರು. ಇವಳು ನದಿಯ ಕಡೆ ಮುಖ ಮಾಡಿಕೊಂಡು ಕಾಯುತ್ತಿದ್ದಳು. ಹಿಂದಿರುಗಿ ಬಂದು, ಚೆನ್ನಾಗಿದಾವಂತೆ ಎನ್ನುತ್ತಿದ್ದರು. ಇಬ್ಬರೂ ಹೊರಡುತ್ತಿದ್ದರು. ಈ ವಿಷಯ ಅಜ್ಜಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮಕ್ಕಳಂತೆ ಪದೇ ಪದೇ ಕೇಳ್ತಾಳೆ, ಎಲ್ಲರ ಮುಂದೆ ಕೇಳ್ತಾಳೆ ಎಂದು ತಾತ ಒಮ್ಮೆ ಹೇಳಿದ್ದರು.

ಕಳೆದ ಭಾನುವಾರ ಕೊಯ್ಲು ನಡೆದಿತ್ತು. ಸಾಲುಸಾಲಿಗೂ ಜನ. ಸೇತುವೆ ಇನ್ನೊಂದು ತಿರುವಿನಷ್ಟು ದೂರ ಇರುವಾಗ ತಾತ ಸ್ಟ್ಯಾಂಡು ಹಾಕಿ, ಜನರಿಲ್ಲದ ಸಾಲೊಂದನ್ನು ಹುಡುಕಿಕೊಂಡು ಒಳಗೆ ಹೋದರು. ಇವಳು ಎಂದಿನಂತೆ ನದಿಯ ಕಡೆ ತಿರುಗಿ ನಿಂತಳು. ಪಕ್ಕದ ಸಾಲಿನಿಂದ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ಅವಳನ್ನೂ ಒಂಟಿ ಸೈಕಲ್ಲನ್ನೂ ನೋಡಿ, ಅರ್ಥ ಮಾಡಿಕೊಂಡು ನಕ್ಕಳು.

"ಏನಮ್ಮಾ, ತಾತನ ಕಾವಲಿಗೆ ನಿಂತಿದೀಯಾ? ಒಳ್ಳೇ ಕೆಲಸ ಸಿಕ್ಕಿದೆ ಬಿಡು ನಿಂಗೆ."

ಅತ್ತಿತ್ತಲಿನ ಸಾಲುಗಳಿಂದಲೂ ನಗು ಬಂತು. ಗಂಡಸರ ನಗುವೂ ಇತ್ತು. ಕೆಟ್ಟ ನಗುವೇನಲ್ಲ, ಕೆಲಸದ ಬೇಸರ ಕಳೆಯುವ ನಗು. ಆದರೆ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಕಾಯುತ್ತಿಲ್ಲ, ಸುಮ್ಮನೆ ನಿಂತಿದ್ದೆ ಎನ್ನುವಂತೆ ಪೆಡಲಿನ ಮೇಲೆ ಕಾಲಿಟ್ಟಳು. ಮೆಲ್ಲಗೆ ಹೋಗುತ್ತಿರೋಣ, ತಾತ ಬಂದು ಸೇರಿಕೊಳ್ಳುತ್ತಾರೆ ಎಂದುಕೊಂಡಳು. ಬಾಲಂಗೋಚಿ ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋದದ್ದು ಅದೇ ಮೊದಲು.

ಸೇತುವೆಯಲ್ಲಿ ಎಲ್ಲರೂ ದಾಟಿ ಆಗಿತ್ತು. ಬಿಸಿಲು ಏರಿತ್ತು. ಆಚೆ ದಡದಲ್ಲಿ ಜನ ಹೆಲ್ಮೆಟ್ ತೆಗೆದು ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಒಬ್ಬ ಊಟ ಎಷ್ಟು ಹೊತ್ತಿಗೆ ಎಂದು ಭಾವನನ್ನು ಪೀಡಿಸುತ್ತಿದ್ದ. ಅವಳು ಸೇತುವೆಯ ಮೇಲೆ ಆದಷ್ಟು ನಿಧಾನವಾಗಿ ಸೈಕಲ್ ತಳ್ಳಿದಳು. ಹಲಗೆಗಳು ಮುಗಿದೇಹೋದವು.

"ಎಲ್ಲಾ ಬಂದ್ರೇನೇ?" ಎಂದು ಬೆಲ್ ಕೇಳದ ಅಕ್ಕ ಮುಂದಿನಿಂದ ಕೂಗಿದಳು.

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಯಾರು ಎಂದು ಕೇಳುತ್ತಾರೆ. ತಾತ ಎಂದರೆ ಎಲ್ಲಿ ಎಂದು ಕೇಳುತ್ತಾರೆ. ಅಜ್ಜಿ ಅಲ್ಲೇ ಇದ್ದಾರೆ, ಹುಡುಗರಿದ್ದಾರೆ, ಅಷ್ಟು ದೂರಕ್ಕೆ ಕೂಗಿಯೇ ಹೇಳಬೇಕು. ಅವಳು ಹಿಂದಿರುಗಿ ನೋಡಿದಳು. ದ್ರಾಕ್ಷಿ ಎಲೆಗಳ ಮೇಲೆ ಒಂದು ಬಿಳಿ ಟೋಪಿ ಈ ಕಡೆಗೇ ಬರುತ್ತಿತ್ತು. ಹೆಲ್ಮೆಟ್ ಒಲ್ಲದ ತಾತನದೂ ಬಿಳಿ ಟೋಪಿ. ಕೊಯ್ಲಿನವರಲ್ಲಿ ಎಷ್ಟೋ ಜನ ಬಿಳಿ ಟೋಪಿ ಹಾಕಿದ್ದರು, ಅದೂ ಅವಳಿಗೆ ಗೊತ್ತಿತ್ತು. ಬಂದೇಬಿಟ್ಟರಲ್ಲ ಎಂದು ತನಗೆ ತಾನೇ ಹೇಳಿಕೊಂಡು ಎರಡು ಸಲ ಬೆಲ್ ಹೊಡೆದಳು.

ಅಕ್ಕ ಹೊರಟಳು.

ಊಟದ ಮರದಡಿ ಡಬ್ಬಿಗಳು ಬಿಚ್ಚಿಕೊಂಡವು. ಅಜ್ಜಿ ತಾತನ ಪಾಲನ್ನು ತಟ್ಟೆಗೆ ಹಾಕಿ, ಇವರೆಲ್ಲಿ ಎಂದರು. ಆ ಹೊತ್ತಿಗೆ ಅವಳ ಜೀವ ಹಿಡಿಯಷ್ಟಾಗಿತ್ತು. ದಾರಿಯುದ್ದಕ್ಕೂ ಹಿಂದೆ ನೋಡುತ್ತಲೇ ಬಂದಿದ್ದಳು. ಆಗಲಾದರೂ ಹೇಳಬಹುದಿತ್ತು. ಆದರೆ ಅಕ್ಕ ಅಷ್ಟರಲ್ಲೇ ಉತ್ತರ ಕೊಟ್ಟುಬಿಟ್ಟಿದ್ದಳು. ಸೇತುವೆ ದಾಟಿದಾರೆ ಅಜ್ಜಿ, ಬೆಲ್ ಬಿತ್ತಲ್ಲ. ಇಲ್ಲೇ ಎಲ್ಲೋ ಹಿಂದೆ ಕೂತಿರ್ತಾರೆ. ಭಾವನೂ ಅದನ್ನೇ ಹೇಳಿದ. ದಾಟಿದ ಮೇಲೆ ಇರುವುದು ಒಂದೇ ದಾರಿ, ತಪ್ಪುವಂತಿಲ್ಲ. ಹಾಗಾಗಿ ಎಲ್ಲರೂ ಆಚೆ ದಡದಲ್ಲೇ ಹುಡುಕಿದರು. ನದಿಯ ಅಂಚಿಗೆ ಇಳಿದು ನೋಡಿದರು. ಅಜ್ಜಿ ನೀರಿನ ಕಡೆ ನೋಡಿದ ನೋಟ ಕಂಡು ಅವಳು ಸೇತುವೆಯ ಕಡೆ ಸೈಕಲ್ ತಿರುಗಿಸಿದಳು. ಯಾಕೆ ಎಂದು ಮಾತ್ರ ಹೇಳಲಿಲ್ಲ.

ತಾತ ಸಿಕ್ಕಿದ್ದು ಸೇತುವೆಯ ಈಚೆಗೆ. ಹೊರಗೆ ಬಂದು, ಕಾಯುವವಳು ಇಲ್ಲದ್ದನ್ನು ಕಂಡು, ಅವಸರದಲ್ಲಿ ಸೈಕಲ್ ಹತ್ತಿದವರು ಏರಿಯ ಅಂಚಿನಲ್ಲಿ ಜಾರಿ ಬಸಿಗಾಲುವೆಯ ಕೆಸರಿಗೆ ಬಿದ್ದಿದ್ದರು. ಸೈಕಲ್ಲು ಅವರ ಮೇಲೆ. ಮಣಿಕಟ್ಟು ಮುರಿದಿತ್ತು. ಎಷ್ಟು ಹೊತ್ತು ಹಾಗೆ ಬಿದ್ದಿದ್ದರೋ, ಕೊಯ್ಲಿನವರು ಊಟಕ್ಕೆ ಎದ್ದಾಗ ನೋಡಿ ಎತ್ತಿದರಂತೆ. ಈಗ ಮಗುಚಿದ ಬುಟ್ಟಿಯೊಂದರ ಮೇಲೆ ಕೂತಿದ್ದರು. ಯಾರೋ ಒಂದು ಗೋಣಿತಟ್ಟನ್ನು ಅವರ ತೊಡೆಯ ಮೇಲೆ ಹೊದಿಸಿದ್ದರು. ಹತ್ತಿರ ಬಂದಾಗ ಅದು ಯಾಕೆಂದು ಅವಳ ಮೂಗಿಗೇ ತಿಳಿಯಿತು. ಬಿದ್ದಲ್ಲೇ ತಡೆಯಲಾಗಿರಲಿಲ್ಲ. ಅದೇ ಬುಟ್ಟಿ ಹೆಂಗಸು ಪಕ್ಕದಲ್ಲಿ ನಿಂತಿದ್ದಳು. ಬಾಲಂಗೋಚಿಯನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಈಗ ಹೇಳುತ್ತಾಳೆ ಎಂದು ಇವಳು ತಲೆ ತಗ್ಗಿಸಿ ಕಾದಳು. ಹೆಂಗಸು ಏನೂ ಹೇಳದೆ ತನ್ನ ಸಾಲಿಗೆ ಹೋದಳು. ಹೇಳಿದ್ದರೇ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಉಳಿದವರೂ ಬಂದು ಸುತ್ತ ನಿಂತರು. ಅಜ್ಜಿಗೆ ಭಯ ಇಳಿದು ಸಿಟ್ಟು ಏರಿತ್ತು. ಸೇತುವೆ ದಾಟಿದವರು ಮತ್ತೆ ಯಾಕೆ ಹಿಂದೆ ಬಂದಿರಿ ಎಂದು ಕೇಳಿದರು. ತಾತ ಬಾಲಂಗೋಚಿಯ ಕಡೆ ಒಮ್ಮೆ ನೋಡಿದರು. ಗೋಣಿತಟ್ಟನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು.

"ದಾಟಿದ್ದೆ ಅಂತ ಕಾಣುತ್ತೆ," ಎಂದರು. "ನೆನಪಿಲ್ಲ."

ಅಜ್ಜಿಯ ಮುಖ ಬಿಳಿಚಿಕೊಂಡಿತು. ಈಚೆಗೆ ತಾತ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಿದ್ದುದು, ಇಸ್ತ್ರಿಪೆಟ್ಟಿಗೆ ಆರಿಸದೆ ಹೊರಗೆ ಹೋದದ್ದು, ಎಲ್ಲಾ ಒಟ್ಟಿಗೆ ನೆನಪಿಗೆ ಬಂತೆಂದು ಕಾಣುತ್ತದೆ.

"ಇವತ್ತು ಯಾವ ವಾರ? ಹೇಳಿ ನೋಡೋಣ."

"ಭಾನುವಾರ."

"ನಮ್ಮ ಮನೆ ಇರೋದು ಎಲ್ಲಿ?"

ತಾತ ಅದಕ್ಕೂ ಉತ್ತರ ಹೇಳಿದರು. ಶಾಲೆಯ ಹುಡುಗನಂತೆ, ನೆಲ ನೋಡುತ್ತಾ, ಅಷ್ಟು ಜನರ ನಡುವೆ. ಹಿಂದೆ ನಿಂತಿದ್ದ ಒಬ್ಬ ಪಾಪ ಎಂದ. ಬಾಲಂಗೋಚಿ ತನ್ನ ಸೈಕಲ್ಲಿನ ಬೆಲ್ಲಿನ ಮೇಲೆ ಅಂಗೈ ಒತ್ತಿ ಹಿಡಿದುಕೊಂಡು ನಿಂತಿದ್ದಳು, ಅದು ತಾನಾಗಿ ಹೊಡೆದುಕೊಂಡೀತು ಎನ್ನುವಂತೆ.

ಆ ರಾತ್ರಿ ಪಾತ್ರೆ ತೊಳೆಯುವಾಗ ಅಕ್ಕನಿಗೆ ಹೇಳಲು ಹೋದಳು. ಅವರು ದಾಟಿರಲಿಲ್ಲ ಕಣೇ ಎನ್ನುವಷ್ಟು ಹೊರಗೆ ಬಂತು. ಅಕ್ಕ ನಲ್ಲಿ ಇನ್ನಷ್ಟು ಜೋರಾಗಿ ತಿರುಗಿಸಿದಳು.

"ಬೆಲ್ ಬಿತ್ತು ತಾನೇ? ಬಿತ್ತು. ಅಷ್ಟೇ. ಆ ಬೆಲ್ ನಂಬ್ಕೊಂಡೇ ಜನ ಮಕ್ಕಳನ್ನ ಕಳಿಸ್ತಾರೆ. ಈಗ ಬಾಲ ಬಿಚ್ಚಬೇಡ."

ಇಡೀ ಬದುಕು ಬಾಲ ಮುದುರಿಕೊಂಡೇ ಇದ್ದವಳಿಗೆ ಆ ಮಾತು ನಗುವನ್ನೂ ತರಲಿಲ್ಲ.

ಈಗ ಸೈಕಲ್ಲು ಒಣಗಿ ಹೊಳೆಯುತ್ತಾ ಅಂಗಡಿಯ ಮುಂದೆ ನಿಂತಿತ್ತು. ಮಧ್ಯಾಹ್ನ ಒಬ್ಬ ಬಂದು ಸೀಟಿನ ಮೇಲೆ ಕೈಯಾಡಿಸಿ ಇದು ಕೊಡೋದಾ ಎಂದು ಕೇಳಿದ. ತಾತ ಆ ಸೀಟಿಗೆ ತಾವೇ ಹೊಲಿದ ಮೆತ್ತೆ ಹಾಕಿದ್ದರು, ಮೂಲೆಗಳಲ್ಲಿ ಎರಡೆರಡು ಹೊಲಿಗೆ. ಅಕ್ಕ ಬಾಯಿ ತೆಗೆಯುವ ಮೊದಲೇ ಬಾಲಂಗೋಚಿ ಇಲ್ಲ ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಹ್ಯಾಂಡಲ್ ಹಿಡಿದು, ಸ್ಟ್ಯಾಂಡು ಒದ್ದು, ಸೈಕಲ್ ತಳ್ಳಿಕೊಂಡು ಹೊರಟಳು. ಹಿಂದಿನಿಂದ ಅಕ್ಕ ಏನೋ ಕೂಗಿದಳು. ಭಾವ, ಹೋಗಲಿ ಬಿಡೇ ಎಂದದ್ದು ಮಾತ್ರ ಕೇಳಿಸಿತು.

ಹತ್ತಿ ಹೋಗಬಹುದಿತ್ತು; ಮನಸ್ಸಾಗಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತಿರುವುತ್ತಾ ನಡೆದಳು. ಬೆಲ್ಲಿನದನ್ನು ಹೇಳಬೇಕು. ಆದರೆ ತಾತ ಹಿಂದೆ ಯಾಕೆ ಉಳಿದರು ಎಂದು ಕೇಳಿದರೆ? ಅದನ್ನು ಹೇಳಿದರೆ ಅವರ ಮಾನವನ್ನು ಇನ್ನೊಮ್ಮೆ ಬೀದಿಗೆ ಹಾಕಿದಂತೆ. ಹೇಳದಿದ್ದರೆ ಅರ್ಧ ಮಾತು. ಅರ್ಧ ಮಾತನ್ನು ಯಾರು ನಂಬುತ್ತಾರೆ.

ತಾತನ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿಯಾಗಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೇಲೆ ಹಳೆಯ ಚಾದರ ಮುಚ್ಚಿತ್ತು. ಗೋಡೆಯ ಮೊಳೆಯಲ್ಲಿ ಅಳತೆ ಪಟ್ಟಿ. ತಾತ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಕುರ್ಚಿಯಲ್ಲಿದ್ದರು. ಅಜ್ಜಿ ನೆಲದ ಮೇಲೆ ಕೂತು ಗುಂಡಿಗಳ ಡಬ್ಬಿ ಬಗ್ಗಿಸಿಕೊಂಡು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದರು. ಹೊಸ್ತಿಲಲ್ಲಿ ಸೈಕಲ್ಲಿನ ಮುಂದಿನ ಚಕ್ರ ಕಾಣಿಸಿದ್ದೇ ತಾತ ಕುರ್ಚಿಯಲ್ಲಿ ನೆಟ್ಟಗಾದರು. ಅಜ್ಜಿ ಯಾರೂ ತಗೊಳ್ಳಲಿಲ್ಲವಾ ಎಂದರು.

ಅವಳು ಗಂಟಲು ಸರಿಮಾಡಿಕೊಂಡಳು. ಶಾಲೆಯ ಬೆಂಚು, ಎದ್ದು ನಿಂತು ಹೇಳು ಎನ್ನುವ ದನಿ, ಎಲ್ಲಾ ಹಾಗೇ ಬಂದು ನಿಂತಿತು.

"ಅವರು ಸೇತುವೆ ದಾಟಿರಲಿಲ್ಲ ಅಜ್ಜಿ. ಅವರಿನ್ನೂ ಹಿಂದೆ ಇದ್ರು. ನಾನು ನೋಡದೇನೇ ಬೆಲ್ ಹೊಡೆದುಬಿಟ್ಟೆ."

ಅಜ್ಜಿಯ ಕೈ ಗುಂಡಿಗಳ ಮೇಲೆ ನಿಂತಿತು. ತಾತ ಬೇಡ ಎನ್ನುವಂತೆ ತಲೆಯಾಡಿಸಿದರು, ಅಜ್ಜಿಗೆ ಕಾಣದ ಹಾಗೆ. ಹಿಂದೆ ಯಾಕಿದ್ದರು, ಏನು ಮಾಡುತ್ತಿದ್ದರು ಎಂದು ಅಜ್ಜಿ ಕೇಳಿದರು. ಅದೇ ಪ್ರಶ್ನೆ. ಅವಳು ಹೊಸ್ತಿಲನ್ನೇ ನೋಡಿದಳು. ಅದನ್ನು ಅವಳು ಹೇಳುವಂತಿರಲಿಲ್ಲ, ಹೇಳಲಿಲ್ಲ.

"ನಾನು ಕಾಯಬೇಕಿತ್ತು," ಎಂದಳು. "ನಾಚಿಕೆ ಆಯ್ತು, ಮುಂದೆ ಹೋದೆ. ಅವರಿಗೆ ಏನೂ ಮರೆತಿಲ್ಲ."

ಅಜ್ಜಿ ಗಂಡನ ಕಡೆ ತಿರುಗಿದರು. ತಾತ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಕಿವಿ ಹುಡುಗನ ಕಿವಿಯಂತೆ ಕೆಂಪಗಾಗಿತ್ತು. ದ್ರಾಕ್ಷಿ ವಿಚಾರಿಸೋಕೆ ಹೋಗಿದ್ದೆ ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಇಷ್ಟು ವರ್ಷ ಒಟ್ಟಿಗೆ ಬಾಳಿದವರಿಗೆ ಅಷ್ಟು ಸಾಕಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಆ ಪ್ಯಾಂಟನ್ನು ಒಗೆದವರೂ ಅಜ್ಜಿಯೇ. ಕೆಸರೆಂದುಕೊಂಡಿದ್ದರೋ, ಕೆಸರೆಂದುಕೊಳ್ಳೋಣವೆಂದು ಬಿಟ್ಟಿದ್ದರೋ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು.

"ಯಾವ ವಾರ ಅಂತ ಕೇಳಿದ್ನಲ್ಲ ನಾನು," ಎಂದರು. "ಅಷ್ಟು ಜನರ ಮುಂದೆ."

ತಾತ ಈ ಕಡೆ ತಿರುಗಲಿಲ್ಲ. ಒಳ್ಳೆಯದಾಯಿತು, ಕೆಟ್ಟದಾಯಿತು ಎಂದು ಹೇಳುವ ಮುಖವಲ್ಲ ಅದು. ತಾನು ಒಂದು ಭಾರ ಇಳಿಸಿಕೊಂಡು ಅದನ್ನು ಈ ಇಬ್ಬರ ನಡುವೆ ನೆಲದ ಮೇಲೆ ಇಟ್ಟುಬಿಟ್ಟೆನೇನೋ ಎಂದು ಅವಳಿಗೆ ಅನ್ನಿಸಿತು. ಹೊರಟುಹೋಗಬೇಕೆನ್ನಿಸಿತು. ಆದರೆ ಕಾಯದೆ ಹೊರಟುಹೋಗಿಯೇ ಇಷ್ಟೆಲ್ಲಾ ಆದದ್ದು. ಅವಳು ಸೈಕಲ್ಲನ್ನು ಒಳಗೆ ತಂದು, ಯಂತ್ರದ ಪಕ್ಕದಲ್ಲಿ ಸ್ಟ್ಯಾಂಡು ಹಾಕಿ ನಿಲ್ಲಿಸಿದಳು.

"ಕೈ ಸರಿಹೋದ ಮೇಲೆ ತಾತನ್ನ ಕಳಿಸಿಕೊಡಿ," ಎಂದಳು. "ನಾನು ಹಿಂದೆ ಇರ್ತೀನಿ."

ಒಂದು ಗುಂಡಿ ಅಜ್ಜಿಯ ಮಡಿಲಿನಿಂದ ಜಾರಿ ಉರುಳುತ್ತಾ ಹೋಗಿ ಗೋಡೆಯ ಬದಿಗೆ ಬಿತ್ತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ತಾತ ಕಿಟಕಿಯ ಕಡೆಗೇ ಇದ್ದರು. ಅವಳು ಕಾದಳು.

"ಕಳಿಸಿಕೊಡಿ ಅಜ್ಜಿ."